ಒಂದು ಪೇಪರ್ ಹೋದರೆ ಪದವಿ ಹೋಗುವುದಿಲ್ಲ

ಆನ್‌ಲೈನ್ ಸ್ನಾತಕೋತ್ತರ ಪದವಿಯಲ್ಲಿ ಪಾಸಾಗುವುದು, ಮತ್ತೆ ಬರೆಯುವುದು, ಮುಂದಿನ ವರ್ಷಕ್ಕೆ ಹೋಗುವುದು ಹೇಗೆ?

ಬದಿಯಡ್ಕದ ಅಕ್ಷಯ ಕೇಂದ್ರದಲ್ಲಿ ರೇಷನ್ ಕಾರ್ಡಿನ ಕೆಲಸಕ್ಕೆ ಕೂತಿದ್ದೆ. ಪಕ್ಕದಲ್ಲಿ ನೀರ್ಚಾಲು ಕಡೆಯ ಒಬ್ಬಳು ಹುಡುಗಿ. ಫೋನಿನಲ್ಲಿ ಗ್ರೇಡ್ ಕಾರ್ಡ್ ನೋಡುತ್ತ ಕಣ್ಣು ತುಂಬಿಕೊಂಡಿದ್ದಳು. ಮೊದಲ ವರ್ಷದ ಐದು ಪೇಪರಿನಲ್ಲಿ ಒಂದು ಹೋಗಿತ್ತು. "ಅಕ್ಕಾ, ಇನ್ನು ಎರಡನೇ ವರ್ಷಕ್ಕೆ ಕಟ್ಟಲಿಕ್ಕೆ ಆಗುವುದಿಲ್ಲ ಅಲ್ವಾ? ಬಿಡುವುದೇ ಒಳ್ಳೇದು ಅಂತ ಕಾಣ್ತದೆ" ಅಂದಳು.

ಅವಳ ವಿಶ್ವವಿದ್ಯಾಲಯದ ನಿಯಮ ಪುಸ್ತಕ ಅವಳ ಫೋನಿನಲ್ಲೇ ಇತ್ತು. ಒಮ್ಮೆಯೂ ತೆರೆದಿರಲಿಲ್ಲ. ತೆರೆದು ನೋಡಿದೆವು. ಒಂದು ಪೇಪರ್ ಅಲ್ಲ, ಐದೂ ಹೋಗಿದ್ದರೂ ಎರಡನೇ ವರ್ಷಕ್ಕೆ ಕಟ್ಟಬಹುದಿತ್ತು. ಆದರೆ ಕಟ್ಟುವ ಕೊನೆಯ ದಿನಕ್ಕೆ ಉಳಿದದ್ದು ನಾಲ್ಕೇ ದಿನ.

ಆನ್‌ಲೈನ್ ಎಂಎ, ಎಂಕಾಂ ಕಲಿಯುವವರಿಗೆ ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಫೇಲಾದದ್ದನ್ನು ಸರಿಮಾಡಿಕೊಳ್ಳಲು ದಾರಿ ಇದೆ. ತಪ್ಪಿದ ದಿನಾಂಕಕ್ಕೆ ಹಾಗೆ ದಾರಿ ಸಿಗುವುದು ಕಷ್ಟ. ಮನೆ, ತೋಟ, ಕೆಲಸ ಎಲ್ಲದರ ನಡುವೆ ಮೂರೂವರೆ ವರ್ಷ ತೆಗೆದುಕೊಂಡು ನಾನೂ ಹೀಗೇ ಎಂಎ ಮುಗಿಸಿದೆ. ಆಗ ಕಲಿತದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಮೊದಲ ಹೆಜ್ಜೆ: ಸೇರುವ ಮೊದಲು ನೋಡಬೇಕಾದ್ದು

ಆನ್‌ಲೈನ್ ಪದವಿಗೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2020ರ ನಿಯಮಾವಳಿ ಇದೆ. ಯಾವ ವಿಶ್ವವಿದ್ಯಾಲಯದ ಯಾವ ಕೋರ್ಸಿಗೆ ಅನುಮತಿ ಇದೆ ಎಂಬ ಪಟ್ಟಿಯನ್ನು ಯುಜಿಸಿಯ ದೂರಶಿಕ್ಷಣ ವಿಭಾಗ ತನ್ನ ಪೋರ್ಟಲ್‌ನಲ್ಲಿ ಹಾಕುತ್ತದೆ. ನಿಮ್ಮ ಕೋರ್ಸು, ನೀವು ಸೇರುವ ಸೆಷನ್, ಎರಡೂ ಆ ಪಟ್ಟಿಯಲ್ಲಿ ಇರಬೇಕು. ಜಾಹೀರಾತು ನಂಬಿ ದುಡ್ಡು ಕಟ್ಟಬೇಡಿ. 2024ರಿಂದ ಸೇರುವವರಿಗೆ ಡೆಬ್ ಐಡಿ, ಅಂದರೆ ಅದೇ ದೂರಶಿಕ್ಷಣ ವಿಭಾಗದ ಗುರುತಿನ ಸಂಖ್ಯೆ, ಕೂಡ ಬೇಕು. ಅದಕ್ಕೆ ಮೊದಲು ಅಕಾಡೆಮಿಕ್ ಬ್ಯಾಂಕ್ ಆಫ್ ಕ್ರೆಡಿಟ್ಸ್ ಖಾತೆ ತೆರೆಯಬೇಕು; ಪಾಸಾದ ಪೇಪರುಗಳ ಕ್ರೆಡಿಟ್, ಅಂದರೆ ಓದಿನ ಅಳತೆ, ಜಮೆಯಾಗುವುದು ಅದರಲ್ಲಿ. ಆಧಾರ್‌ನಲ್ಲಿರುವ ಹೆಸರು ಮತ್ತು ಎಸ್ಸೆಸ್ಸೆಲ್ಸಿ ಪುಸ್ತಕದ ಹೆಸರು ಒಂದೇ ಇರಲಿ. ಇನಿಷಿಯಲ್ ಹಿಂದೆ ಮುಂದೆ ಆದದ್ದಕ್ಕೇ ಸಿಕ್ಕಿಹಾಕಿಕೊಂಡವರನ್ನು ನೋಡಿದ್ದೇನೆ.

ಕರ್ನಾಟಕದ ಗಡಿಯ ಈಚೆ ಕೇರಳದಲ್ಲಿರುವ ನಮಗೆ ಮುಖ್ಯವಾದ ಒಂದು ವಿಷಯ ಇದೆ. ರಾಜ್ಯ ವಿಶ್ವವಿದ್ಯಾಲಯಗಳ ದೂರಶಿಕ್ಷಣಕ್ಕೆ ರಾಜ್ಯದ ಗಡಿ ಅಡ್ಡ ಬರುತ್ತದೆ. ಆನ್‌ಲೈನ್ ಕೋರ್ಸಿಗೆ ಆ ಗಡಿ ಇಲ್ಲ. ಮಂಜೇಶ್ವರದಲ್ಲಿ ಕೂತು ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಡೆ ನೋಡುವವರು ಆ ಕೋರ್ಸ್ ಆನ್‌ಲೈನ್ ಪಟ್ಟಿಯಲ್ಲಿದೆಯೋ ದೂರಶಿಕ್ಷಣದ ಪಟ್ಟಿಯಲ್ಲಿದೆಯೋ ಎಂದು ನೋಡಿಯೇ ಮುಂದುವರಿಯಬೇಕು. ಕೇರಳ ಪಿಎಸ್‌ಸಿ ಕೆಲಸದ ಆಸೆ ಇದ್ದರೆ, ಹೊರರಾಜ್ಯದ ಪದವಿಗೆ ಇಲ್ಲಿನ ವಿಶ್ವವಿದ್ಯಾಲಯದಿಂದ ಈಕ್ವಿವಲೆನ್ಸಿ (ಇಲ್ಲಿನ ಪದವಿಗೆ ಸಮಾನ ಎಂಬ) ಸರ್ಟಿಫಿಕೇಟ್ ಬೇಕೇ ಎಂದು ಸೇರುವ ಮೊದಲೇ ಕೇಳಿ. ಎರಡು ವರ್ಷ ಕಲಿತು ಆಮೇಲೆ ಕೇಳುವ ಪ್ರಶ್ನೆ ಅದಲ್ಲ.

ಎರಡನೇ ಹೆಜ್ಜೆ: ಪಾಸಿನ ಲೆಕ್ಕ

ಹೆಚ್ಚಿನವರು ತಪ್ಪು ತಿಳಿಯುವುದು ಇಲ್ಲೇ. ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಯುಜಿಸಿ ನಿಯಮದಂತೆ ವರ್ಷದುದ್ದಕ್ಕೂ ನಡೆಯುವ ಅಸೈನ್‌ಮೆಂಟ್, ಕ್ವಿಜ್ ಇಂಥವಕ್ಕೆ ಹೆಚ್ಚೆಂದರೆ ಶೇ 30 ತೂಕ. ಕೊನೆಯ ಪರೀಕ್ಷೆಗೆ ಕಡಿಮೆಯೆಂದರೆ ಶೇ 70. ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ಕೂಡ 30–70ರ ಲೆಕ್ಕದಲ್ಲೇ ನಡೆಯುತ್ತದೆ. ಅಲ್ಲಿನ ಹೆಚ್ಚಿನ ಎಂಎಗಳಲ್ಲಿ ಪಾಸಿಗೆ 40 ಬೇಕು. ಆದರೆ ಅದು ಅಸೈನ್‌ಮೆಂಟಿನಲ್ಲಿ ಬೇರೆ 40, ಪರೀಕ್ಷೆಯಲ್ಲಿ ಬೇರೆ 40.

ಒಂದು ಉದಾಹರಣೆ ತೆಗೆದುಕೊಳ್ಳಿ. ಅಸೈನ್‌ಮೆಂಟಿನಲ್ಲಿ 100ಕ್ಕೆ 85 ಬಂತು. ಪರೀಕ್ಷೆಯಲ್ಲಿ 38. 85ರ ಶೇ 30 ಎಂದರೆ 25.5. 38ರ ಶೇ 70 ಎಂದರೆ 26.6. ಕೂಡಿಸಿದರೆ 52.1. ನೋಡಿದರೆ ಆರಾಮಾಗಿ ಪಾಸು ಅನಿಸುತ್ತದೆ. ಆದರೆ ಪೇಪರ್ ಫೇಲು, ಯಾಕೆಂದರೆ ಪರೀಕ್ಷೆಯಲ್ಲಿ 40 ಮುಟ್ಟಲಿಲ್ಲ. ಎರಡರಲ್ಲೂ ಸರಿಯಾಗಿ 40 ತೆಗೆದವರು ಪಾಸು! ಅನ್ಯಾಯ ಅಂತ ಮೊದಲು ನನಗೂ ಕಂಡಿತ್ತು. ಆದರೆ ಮನೆಯಲ್ಲಿ ಕೂತು ಬರೆದದ್ದೇ ಪೂರ್ತಿ ಪದವಿ ಆಗಬಾರದು ಅಂತ ಈ ನಿಯಮ. ಅದು ಬೇಕು ಅಂತಲೇ ಈಗ ನನಗೆ ಅನಿಸುತ್ತದೆ.

ಹಾಗಂತ ಅಸೈನ್‌ಮೆಂಟನ್ನು ಸುಮ್ನೆ 40ಕ್ಕೆ ಬರೆದು ಕಳಿಸಬೇಡಿ. ಪಾಸಾದರಷ್ಟೇ ಸಾಲದ ಜಾಗಗಳು ನಮ್ಮ ಮುಂದೆ ತುಂಬ ಇವೆ. ಕೇರಳದಲ್ಲಿ ಹೈಯರ್ ಸೆಕೆಂಡರಿ ಟೀಚರಾಗಲು ಬರೆಯುವ ಸೆಟ್ ಪರೀಕ್ಷೆಗೆ ಸ್ನಾತಕೋತ್ತರದಲ್ಲಿ ಶೇ 50 ಬೇಕು. ಕಾಲೇಜು ಕೆಲಸದ ಯುಜಿಸಿ ನೆಟ್‌ಗೆ ಸಾಮಾನ್ಯ ವರ್ಗದವರಿಗೆ ಶೇ 55, ಕೆನೆಪದರದಲ್ಲಿಲ್ಲದ ಹಿಂದುಳಿದ ವರ್ಗ, ಪರಿಶಿಷ್ಟರು ಮತ್ತು ಅಂಗವಿಕಲರಿಗೆ ಶೇ 50. ನಮ್ಮ ಕಾಸರಗೋಡಿನಲ್ಲಿ ಕನ್ನಡ ಎಂಎ ಮಾಡುವವರಲ್ಲಿ ಟೀಚರ್ ಕೆಲಸದ ಕನಸು ಇರುವವರೇ ಜಾಸ್ತಿ. ಅವರಿಗೆ 40 ಪಾಸಾಗುವ ಅಂಕ ಮಾತ್ರ. ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕಾದ್ದು 55.

55ಕ್ಕೆ ಪರೀಕ್ಷೆಯಲ್ಲಿ ಎಷ್ಟು ಬೇಕು? ಅಸೈನ್‌ಮೆಂಟಿನಲ್ಲಿ 80 ಇದ್ದರೆ 24 ಆಗಲೇ ಕೈಯಲ್ಲಿದೆ. ಇನ್ನು 31 ಬರಬೇಕು. ಅದಕ್ಕೆ ಪರೀಕ್ಷೆಯಲ್ಲಿ 45 ಸಾಕು. ಅಸೈನ್‌ಮೆಂಟಿನಲ್ಲಿ 50 ಬಂದಿದ್ದರೆ ಕೈಯಲ್ಲಿರುವುದು 15. ಆಗ ಪರೀಕ್ಷೆಯಲ್ಲಿ 58 ಬೇಕು. ಮನೆಯಲ್ಲಿ ಒಂದು ವಾರ ಹೆಚ್ಚು ಕೂತು ಬರೆದದ್ದು ಪರೀಕ್ಷೆಯ ಕೋಣೆಯಲ್ಲಿ 13 ಅಂಕ ಉಳಿಸಿತು. ಕರೆಂಟು ಹೋಗುವ ಜೂನ್ ರಾತ್ರಿಗಳಲ್ಲಿ ಓದಿ 13 ಅಂಕ ಹೆಚ್ಚು ತೆಗೆಯುವುದು ಎಷ್ಟು ಕಷ್ಟ ಅಂತ ಓದಿದವರಿಗೆ ಗೊತ್ತು.

ಮೂರನೇ ಹೆಜ್ಜೆ: ಪೇಪರ್ ಹೋಯಿತು, ಈಗೇನು?

ಯಾವ ಭಾಗ ಹೋಗಿದೆ ಎಂದು ಮೊದಲು ನೋಡಿ. ಹೋದ ಭಾಗ ಮಾತ್ರ ಮತ್ತೆ ಮಾಡಿದರೆ ಸಾಕು. ಪಾಸಾದ ಭಾಗದ ಅಂಕ ಹಾಗೇ ಇರುತ್ತದೆ.

ಪರೀಕ್ಷೆ ಹೋಗಿದ್ದರೆ ಮುಂದಿನ ಪರೀಕ್ಷೆಗೆ ಆ ಪೇಪರಿನ ಶುಲ್ಕ ಕಟ್ಟಿ ಬರೆಯುವುದು. ಇಗ್ನೋದಲ್ಲಿ ವರ್ಷಕ್ಕೆ ಎರಡು ಬಾರಿ ಪರೀಕ್ಷೆ, ಜೂನ್ ಮತ್ತು ಡಿಸೆಂಬರ್. ಅಸೈನ್‌ಮೆಂಟ್ ಹೋಗಿದ್ದರೆ ಹಳೆಯದನ್ನೇ ತಿದ್ದಿ ಕಳಿಸುವ ಹಾಗಿಲ್ಲ. ಹೊಸ ಸೆಷನ್ನಿನ ಪ್ರಶ್ನೆಗಳನ್ನು ಇಳಿಸಿಕೊಂಡು ಹೊಸದಾಗಿ ಬರೆಯಬೇಕು. ಒಮ್ಮೆ ಪಾಸಾದ ಅಸೈನ್‌ಮೆಂಟನ್ನು ಅಂಕ ಹೆಚ್ಚಿಸಲು ಮತ್ತೆ ಕಳಿಸಲೂ ಬಿಡುವುದಿಲ್ಲ. ಅದಕ್ಕೇ ಮೊದಲ ಸಲವೇ ಮನಸ್ಸಿಟ್ಟು ಬರೆಯಿರಿ ಎಂದದ್ದು.

ಇನ್ನೊಂದು ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಿಟ್ಟುಕೊಳ್ಳಿ. ಹಿಂದಿನ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತ ಮುಂದಿನ ಪರೀಕ್ಷೆಯ ಫಾರ್ಮ್ ತಪ್ಪಿಸಬೇಡಿ. ಜೂನ್‌ನಲ್ಲಿ ಬರೆದ ಎಲ್ಲ ಪೇಪರಿನ ಫಲಿತಾಂಶ ಡಿಸೆಂಬರ್ ಪರೀಕ್ಷೆಯ ಫಾರ್ಮ್ ಮುಗಿಯುವುದರೊಳಗೆ ಬಂದೇ ಬರುತ್ತದೆ ಎಂಬ ಭರವಸೆ ಇಲ್ಲ. ಕಾಯದೆ ಫಾರ್ಮ್ ತುಂಬಿ ಎಂದು ಇಗ್ನೋ ತಾನೇ ಹೇಳುತ್ತದೆ. ಹೋಗಿರಬಹುದು ಅನಿಸಿದ ಪೇಪರಿಗೆ ಶುಲ್ಕ ಕಟ್ಟಿಬಿಡಿ. ಪಾಸಾಗಿದ್ದರೆ ಆ ದುಡ್ಡು ಹೋಯಿತು, ಅಷ್ಟೇ. ಕಟ್ಟದಿದ್ದರೆ ಆರು ತಿಂಗಳು ಹೋಗುತ್ತದೆ.

ಅಂಕ ತೀರಾ ಕಡಿಮೆ ಬಂದಿದೆ, ಹೀಗಾಗಲು ಸಾಧ್ಯವೇ ಇಲ್ಲ ಅನಿಸಿದರೆ ಮರುಮೌಲ್ಯಮಾಪನ ಕೇಳಬಹುದು. ಇಗ್ನೋದಲ್ಲಿ ಅದಕ್ಕೆ ಫಲಿತಾಂಶ ಬಂದು 30 ದಿನದ ಒಳಗೆ ಅರ್ಜಿ ಹಾಕಬೇಕು. ಮೊದಲಿನ ಅಂಕ, ಹೊಸ ಅಂಕ ಎರಡರಲ್ಲಿ ಹೆಚ್ಚಿನದನ್ನು ತೆಗೆದುಕೊಳ್ಳುತ್ತಾರೆ. ಇದ್ದದ್ದು ಕಡಿಮೆಯಾದೀತು ಎಂದು ಹೆದರಬೇಕಾಗಿಲ್ಲ. ಆದರೆ 38 ಬಂದ ಪೇಪರಿಗೆ ಹಾಕುವುದು ಬೇರೆ, 12 ಬಂದ ಪೇಪರಿಗೆ ಹಾಕುವುದು ಬೇರೆ. ಅರ್ಜಿ ಹಾಕಿದರೂ ಮುಂದಿನ ಪರೀಕ್ಷೆಯ ಫಾರ್ಮ್ ತುಂಬಿಯೇ ಇರಿ.

ಪಾಸಾದ ಮೇಲೆ ಅಂಕ ಏರಿಸಲು ಆಗುತ್ತದಾ ಎಂದು ಎಷ್ಟೋ ಮಂದಿ ಕೇಳುತ್ತಾರೆ. ಇಗ್ನೋದಲ್ಲಿ ಇಂಪ್ರೂವ್‌ಮೆಂಟ್ ಇದೆ, ಆದರೆ ಬಹಳ ಸಣ್ಣ ಕಿಂಡಿ. ಪೂರ್ತಿ ಪದವಿ ಮುಗಿದಿರಬೇಕು. ದ್ವಿತೀಯ ದರ್ಜೆಯ 50ಕ್ಕೋ ಪ್ರಥಮ ದರ್ಜೆಯ 60ಕ್ಕೋ ಹೆಚ್ಚೆಂದರೆ ಶೇ 2 ಮಾತ್ರ ಕೊರತೆ ಇರಬೇಕು. 58.5 ಇದ್ದವರು ಹೋಗಬಹುದು. 53 ಬಂದು ನೆಟ್‌ಗೆ 55 ಬೇಕಿದ್ದವರಿಗೆ ಆ ಕಿಂಡಿ ತೆರೆಯುವುದಿಲ್ಲ. ಈ ನಿಯಮ ಗೊತ್ತಿಲ್ಲದೆ "ಆಮೇಲೆ ಇಂಪ್ರೂವ್‌ಮೆಂಟ್ ಕಟ್ಟಿದರಾಯಿತು" ಎಂದು ಕೂತವರ ಬಗ್ಗೆ ನನಗೆ ತುಂಬ ಸಂಕಟವಿದೆ. ಅಂಕ ತೆಗೆಯುವ ಸಮಯ ಮೊದಲ ಸಲ ಬರೆಯುವಾಗಲೇ.

ನಾಲ್ಕನೇ ಹೆಜ್ಜೆ: ಎರಡನೇ ವರ್ಷಕ್ಕೆ ದಾಟುವುದು

ಇಗ್ನೋದಂಥ ಮುಕ್ತ ವಿಶ್ವವಿದ್ಯಾಲಯದಲ್ಲಿ ಮೊದಲ ವರ್ಷ ಪಾಸಾದರೆ ಮಾತ್ರ ಎರಡನೇ ವರ್ಷ ಎಂಬ ನಿಯಮ ಇಲ್ಲ. ಪರೀಕ್ಷೆ ಬರೆಯದಿದ್ದರೂ, ಅಸೈನ್‌ಮೆಂಟ್ ಕೊಡದಿದ್ದರೂ ರೀ-ರಿಜಿಸ್ಟ್ರೇಷನ್ ಮಾಡಬಹುದು. ಉಳಿದ ಪೇಪರುಗಳನ್ನು ಎರಡನೇ ವರ್ಷದವುಗಳ ಜೊತೆಗೇ ಬರೆಯಬಹುದು. ಆದರೆ ಅದು ತಾನಾಗಿ ಆಗುವುದಿಲ್ಲ. ನೀವೇ ಪೋರ್ಟಲ್‌ಗೆ ಹೋಗಿ ಪೇಪರ್ ಆರಿಸಿ ದುಡ್ಡು ಕಟ್ಟಬೇಕು. ದಿನ ಮುಂದೂಡುತ್ತಾರೆ ಎಂಬ ನಂಬಿಕೆಯಲ್ಲಿ ಕಾಯುವವರು ಇದ್ದಾರೆ. ಮುಂದೂಡುವುದೂ ಉಂಟು. ಅದನ್ನು ನೆಚ್ಚಿಕೊಳ್ಳಬೇಡಿ.

ಬೇರೆ ವಿಶ್ವವಿದ್ಯಾಲಯಗಳಲ್ಲಿ, ಮುಖ್ಯವಾಗಿ ಸೆಮಿಸ್ಟರ್ ಇರುವ ಕಡೆ, ಇಷ್ಟು ಕ್ರೆಡಿಟ್ ಆಗದೆ ಮುಂದಿಲ್ಲ ಎಂಬ ಷರತ್ತು ಇರಬಹುದು. ಆನ್‌ಲೈನ್ ತರಗತಿಯ ಹಾಜರಿ ಕಡಿಮೆಯಾದರೆ ಪರೀಕ್ಷೆಗೆ ಬಿಡದಿರುವ ನಿಯಮವೂ ಇರುತ್ತದೆ. ಲಾಗಿನ್ ಆಗಿ ವಿಡಿಯೊ ಓಡಲು ಬಿಟ್ಟು ಅಡುಗೆಮನೆಗೆ ಹೋದರೆ ಹಾಜರಿ ಸಿಗುತ್ತದಾ, ನಡುವೆ ಕೇಳುವ ಪ್ರಶ್ನೆಗೆ ಉತ್ತರ ಕೊಡಬೇಕಾ? ಸೇರಿದ ಮೊದಲ ವಾರವೇ ತಿಳಿದುಕೊಳ್ಳಿ.

ಐದನೇ ಹೆಜ್ಜೆ: ವಾರಕ್ಕೆ ಎಷ್ಟು ಗಂಟೆ?

ಎರಡು ವರ್ಷದ ಎಂಎ ಎಂದರೆ ಸಾಮಾನ್ಯವಾಗಿ 80 ಕ್ರೆಡಿಟ್. ಒಂದು ಕ್ರೆಡಿಟ್‌ಗೆ 30 ಗಂಟೆಯ ಓದು. ಒಟ್ಟು 2400 ಗಂಟೆ. ಎರಡೇ ವರ್ಷದಲ್ಲಿ ಮುಗಿಸುವುದಾದರೆ ವಾರಕ್ಕೆ 23 ಗಂಟೆ ಬರುತ್ತದೆ. ಶಾಲೆಯಲ್ಲಿ ದಿನಗೂಲಿ ಟೀಚರಾಗಿ ದುಡಿದು, ಮನೆ ನೋಡಿಕೊಂಡು ಇಷ್ಟು ಓದುವುದು ಎಲ್ಲರಿಗೂ ಆಗುವ ಮಾತಲ್ಲ. ಇಗ್ನೋ ಈ ಎಂಎಗಳಿಗೆ ನಾಲ್ಕು ವರ್ಷದವರೆಗೆ ಸಮಯ ಕೊಡುತ್ತದೆ. ನಾಲ್ಕು ವರ್ಷಕ್ಕೆ ಹಂಚಿದರೆ ವಾರಕ್ಕೆ ಹನ್ನೊಂದೂವರೆ ಗಂಟೆ. ನಿಧಾನ ಮಾಡುವುದು ಸೋಲಲ್ಲ. ಆದರೆ ಯಾವ ಪೇಪರ್ ಯಾವಾಗ ಎಂದು ಸೇರುವಾಗಲೇ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಹಚ್ಚಿ.

ಅಡಿಕೆ ತೋಟ ಇರುವ ಮನೆಯವರಿಗೆ ಜೂನ್ ಪರೀಕ್ಷೆ ಎಂದರೆ ಮದ್ದು ಬಿಡುವ ಸಮಯ. ಮಳೆ ಹಿಡಿಯುವ ಮೊದಲು ಒಂದು ಸುತ್ತು ಮುಗಿಯಬೇಕು, ಆಳು ಸಿಕ್ಕಿದ ದಿನ ಬಿಡುವ ಹಾಗಿಲ್ಲ. ನಾನು ಕಷ್ಟದ ಪೇಪರುಗಳನ್ನೆಲ್ಲ ಡಿಸೆಂಬರಿಗೆ ಇಟ್ಟುಕೊಂಡೆ. ಜೂನ್‌ಗೆ ಎರಡೇ. ಪರೀಕ್ಷಾ ಕೇಂದ್ರ ಕಾಸರಗೋಡೇ, ಮಂಗಳೂರೇ, ಕಣ್ಣೂರೇ ಎಂಬುದನ್ನೂ ಫಾರ್ಮ್ ತುಂಬುವಾಗಲೇ ನೋಡಿ. ಕೆಲವು ವಿಶ್ವವಿದ್ಯಾಲಯಗಳು ಮನೆಯಲ್ಲೇ ಕ್ಯಾಮೆರಾ ಮುಂದೆ ಪರೀಕ್ಷೆ ಬರೆಸುತ್ತವೆ. ಮುಳ್ಳೇರಿಯ, ಪೆರ್ಲದ ಒಳಗಿನ ಮನೆಗಳಲ್ಲಿ ಮಳೆಗಾಲದ ನೆಟ್ಟು ಹೇಗಿರುತ್ತದೆ ಎಂದು ನಮಗೆ ಗೊತ್ತೇ ಇದೆ. ಅಂಥವರು ಆ ದಿನ ಪೇಟೆಯಲ್ಲಿರುವ ನೆಂಟರ ಮನೆಗೆ ಹೋಗುವುದೇ ಸರಿ.

ನಾಲ್ಕು ವರ್ಷವೂ ಸಾಲದಿದ್ದರೆ ಉಳಿದ ಪೇಪರುಗಳಿಗೆ ಮಾತ್ರ ದುಡ್ಡು ಕಟ್ಟಿ ಮರುಪ್ರವೇಶ ಪಡೆಯುವ ದಾರಿ ಇದೆ. ನಡುವೆ ಬಿಡಲೇಬೇಕಾಗಿ ಬಂದರೂ ಕ್ರೆಡಿಟ್ ಬ್ಯಾಂಕ್‌ನಲ್ಲಿ ಜಮೆಯಾದ ಕ್ರೆಡಿಟ್‌ಗಳು ಹೆಚ್ಚೆಂದರೆ ಏಳು ವರ್ಷ ನಿಲ್ಲುತ್ತವೆ. ಹೆರಿಗೆ, ಮನೆಯಲ್ಲಿ ಕಾಯಿಲೆ ಎಂದು ನಿಲ್ಲಿಸಿದವರು ಇದನ್ನು ನೆನಪಿಡಿ.

ಹೊರದೇಶದ ಪದವಿ ಮಾಡುವವರಿಗೆ

ಗಲ್ಫಿನಲ್ಲೋ ಬೆಂಗಳೂರಿನಲ್ಲೋ ಕೆಲಸದಲ್ಲಿರುವ ನಮ್ಮ ಮಕ್ಕಳು ಹೊರದೇಶದ ಆನ್‌ಲೈನ್ ಪದವಿಗೂ ಸೇರುತ್ತಾರೆ. ಅಲ್ಲಿ 40ರ ಲೆಕ್ಕ ಮರೆತುಬಿಡಿ. ಬ್ರಿಟನ್ನಿನಲ್ಲಿ ಸ್ನಾತಕೋತ್ತರಕ್ಕೆ ಸಾಮಾನ್ಯವಾಗಿ 50 ಪಾಸು. ಮತ್ತೆ ಬರೆದು ಪಾಸಾದರೆ ಎಷ್ಟೇ ಚೆನ್ನಾಗಿ ಬರೆದಿದ್ದರೂ ಹೆಚ್ಚಿನ ಕಡೆ 50 ಅಷ್ಟೇ ಹಾಕುತ್ತಾರೆ. ಅಮೆರಿಕದ ಜಾರ್ಜಿಯಾ ಟೆಕ್ 2014ರಲ್ಲಿ ಶುರುಮಾಡಿದ ಕಂಪ್ಯೂಟರ್ ಸೈನ್ಸ್ ಆನ್‌ಲೈನ್ ಪದವಿಯಲ್ಲಿ ಮೊದಲ ವರ್ಷದೊಳಗೆ ಎರಡು ಬುನಾದಿ ಕೋರ್ಸುಗಳಲ್ಲಿ ಬಿ ಗ್ರೇಡ್ ಬರಲೇಬೇಕು. ನಮ್ಮಲ್ಲಿ ಸಿ ಎಂದರೆ ಪಾಸು, ಅಲ್ಲಿ ಆ ಎರಡು ಕೋರ್ಸಿಗೆ ಅದು ಸಾಲದು.

ಕೊನೆಗೆ: ರಸೀದಿ ಇಟ್ಟುಕೊಳ್ಳಿ

ಅಸೈನ್‌ಮೆಂಟ್ ಕಳಿಸಿದ ಮೇಲೆ ಬರುವ ರಸೀದಿ, ದುಡ್ಡು ಕಟ್ಟಿದ ರಸೀದಿ, ಹಾಲ್ ಟಿಕೆಟ್, ಎಲ್ಲವನ್ನೂ ಪ್ರಿಂಟ್ ತೆಗೆದು ಒಂದು ಫೈಲಿನಲ್ಲಿ ಹಾಕಿ. ಫೋನಿನಲ್ಲಿ ಮಾತ್ರ ಇಟ್ಟರೆ ಸಾಲದು. ನನ್ನ ಕೊನೆಯ ವರ್ಷದ ಒಂದು ಅಸೈನ್‌ಮೆಂಟಿನ ಅಂಕ ಎಂಟು ತಿಂಗಳಾದರೂ ಗ್ರೇಡ್ ಕಾರ್ಡಿಗೆ ಬರಲಿಲ್ಲ. ಪರೀಕ್ಷೆ ಪಾಸಾಗಿತ್ತು, ಆದರೂ ಪೇಪರ್ ಮುಗಿದಿಲ್ಲ ಎಂದೇ ತೋರಿಸುತ್ತಿತ್ತು. ಫೋನ್ ಮಾಡಿದರೆ ಹೊಸದಾಗಿ ಬರೆದು ಕಳಿಸಿ ಎಂದರು. ನನ್ನ ಹತ್ತಿರ ತಾರೀಕು ಸಹಿತ ರಸೀದಿ ಇತ್ತು. ಅದರ ಪ್ರತಿ, ಎನ್ರೋಲ್‌ಮೆಂಟ್ ನಂಬರ್, ಪೇಪರಿನ ಕೋಡ್ ಮೂರನ್ನೂ ಹಾಕಿ ಒಂದು ಮೇಲ್ ಬರೆದೆ. ಹತ್ತು ದಿನ ಬಿಟ್ಟು ನೋಡಿದಾಗ ಅಂಕ ಬಂದಿತ್ತು, 72.