ಸಿಯೋಲ್‌ಗೆ ಹೊರಟ ನಮ್ಮೂರವರಿಗೆ: ಮಧ್ಯಾಹ್ನದ ಊಟದ ವಿಷಯ

ಸಿಯೋಲ್‌ನಿಂದ ರಜೆಗೆ ಹಾಸನಕ್ಕೆ ಬಂದಾಗಲೆಲ್ಲ ಕೊರಿಯಾಕ್ಕೆ ಹೊರಟವರು ಯಾರಾದರೂ ಮನೆಗೆ ಬರುತ್ತಾರೆ. ಈ ಸಲ ಬಂದವರು ಸಕಲೇಶಪುರದ ಹುಡುಗ, ಅರಸೀಕೆರೆಯ ಹುಡುಗಿ. ಇಬ್ಬರದೂ ಒಂದೇ ಮಾತು: "ಅಣ್ಣಾ, ಊಟಕ್ಕೆ ಏನ್ ಮಾಡೋದು?" ಅಮ್ಮಂದಿರು ಆಗಲೇ ಚಟ್ನಿಪುಡಿ, ಹಪ್ಪಳ ಕಟ್ಟಿಟ್ಟಿದ್ದಾರೆ. ತಗೊಂಡು ಹೋಗಿ, ರಾತ್ರಿಗೆ ಬೇಕಾಗುತ್ತದೆ. ಆದರೆ ಮಧ್ಯಾಹ್ನ ಡಬ್ಬಿ ಹಿಡಿದು ಒಬ್ಬರೇ ಕೂರಬೇಡಿ.

ಆಫೀಸು ಯೊಯಿದೊದಲ್ಲಿರಲಿ, ಗಂಗ್ನಮ್‌ನಲ್ಲಿರಲಿ, ದೊಡ್ಡ ಕಟ್ಟಡಗಳ ಹಿಂದಿನ ಗಲ್ಲಿಗೆ ಹೋಗಿ. "ಬೆಕ್‌ಬಾನ್" ಎಲ್ಲಿ ಸಿಗುತ್ತದೆ ಅಂತ ಕೇಳಿ. ನಮ್ಮ ಮೆಸ್ಸಿನ ಊಟದ ಹಾಗೇ ಅದು: ಅನ್ನ, ಒಂದು ಸಾರು, ಸಣ್ಣ ಬಟ್ಟಲುಗಳಲ್ಲಿ ನಾಲ್ಕೈದು ಪಲ್ಯ. ಆ ಪಲ್ಯಗಳಿಗೆ ಬಂಚಾನ್ ಅಂತಾರೆ. ಅವಕ್ಕೆ ಬೇರೆ ದುಡ್ಡಿಲ್ಲ, ಖಾಲಿಯಾದರೆ ಸಾಮಾನ್ಯವಾಗಿ ಮತ್ತೆ ಹಾಕಿಕೊಡುತ್ತಾರೆ. ಎಲ್ಲಾ ಸೇರಿ 10,000 ವೊನ್ ಆಸುಪಾಸು, ಅಂದರೆ ಸುಮಾರು 600 ರೂಪಾಯಿ. ಹಾಸನದ ಲೆಕ್ಕದಲ್ಲಿ ಜಾಸ್ತಿ, ನಿಜ. ಆದರೆ ಅಲ್ಲಿ ಒಂದು ಕಾಫಿಗೇ 5,000 ವೊನ್ ಕೊಡುವವರಿದ್ದಾರೆ. ಕೆಲವು ಕಟ್ಟಡಗಳ ನೆಲಮಾಳಿಗೆಯಲ್ಲಿ ಬಫೆ ಊಟ ಇರುತ್ತದೆ, ಮೊದಲೇ ದುಡ್ಡು ಕೊಟ್ಟು ತಟ್ಟೆ ಹಿಡಿದರೆ ಬೇಕಾದಷ್ಟು ಬಡಿಸಿಕೊಳ್ಳಬಹುದು. ಹಸಿದು ಬಂದವರಿಗೆ ಅದೇ ಲಾಭ.

ಹೊತ್ತು ಮಾತ್ರ ನೋಡಿಕೊಳ್ಳಿ. ಸರಿಯಾಗಿ 12 ಗಂಟೆಗೆ ಇಡೀ ಕಟ್ಟಡವೇ ಕೆಳಗಿಳಿಯುತ್ತದೆ, ಲಿಫ್ಟಿಗೂ ಸಾಲು, ಹೋಟೆಲಿಗೂ ಸಾಲು, ಆ ಗಲಾಟೆಯಲ್ಲಿ ಒಬ್ಬರೇ ಹೋದವರಿಗೆ ಮೇಜು ಕೊಡದ ಕಡೆಯೂ ಇದೆ. 11:30ಕ್ಕೆ ಹೋಗಿ, ಇಲ್ಲಾ 1 ಗಂಟೆ ಆದಮೇಲೆ.

ಚಮಚ, ಕಡ್ಡಿ (ಚಾಪ್‌ಸ್ಟಿಕ್) ಹುಡುಕಾಡಬೇಡಿ, ಮೇಜಿನ ಪಕ್ಕಕ್ಕೆ ಒಂದು ಸಣ್ಣ ಡ್ರಾಯರ್ ಇರುತ್ತದೆ, ಎಳೆಯಿರಿ. ನೀರು ಎಷ್ಟೋ ಕಡೆ ನಾವೇ ಹೋಗಿ ತಂದುಕೊಳ್ಳಬೇಕು. ಅನ್ನ ಬರುವುದು ಮುಚ್ಚಳ ಹಾಕಿದ ಸ್ಟೀಲ್ ಬಟ್ಟಲಲ್ಲಿ, ಕೈ ಸುಡುತ್ತದೆ, ಹುಷಾರು. ಬಟ್ಟಲನ್ನು ಕೈಗೆತ್ತಿಕೊಳ್ಳುವ ಪದ್ಧತಿ ಅಲ್ಲಿಲ್ಲ. ಅನ್ನಕ್ಕೂ ಸಾರಿಗೂ ಚಮಚ, ಪಲ್ಯಕ್ಕೆ ಕಡ್ಡಿ. ದ್ವೆಂಜಾಂಗ್ ಅಂತ ಸೋಯಾ ಹುದುಗಿಸಿ ಮಾಡುವ ಪೇಸ್ಟ್ ಹಾಕಿದ ಸಾರಿದೆ. ಮೊದಲ ದಿನ ವಾಸನೆ ಹಿಡಿಸದೇ ಇರಬಹುದು. ಕಳಲೆ ತಿಂದು ಬೆಳೆದವರಿಗೆ ಅದೇನು ದೊಡ್ಡದಲ್ಲ.

ಸಸ್ಯಾಹಾರಿಗಳು ಇದನ್ನು ಗಮನವಿಟ್ಟು ಓದಿ. ತಿಳಿಯಾಗಿ ಕಾಣುವ ಸಾರಿನಲ್ಲೂ ಎಷ್ಟೋ ಸಲ ಒಣಮೀನಿನ ರಸ ಇರುತ್ತದೆ. ಕಿಮ್ಚಿಗೂ (ಹುದುಗಿಸಿದ ಖಾರದ ತರಕಾರಿ) ಸಾಮಾನ್ಯವಾಗಿ ಮೀನಿನ ರಸವೋ ಉಪ್ಪು ಸಿಗಡಿಯೋ ಬಿದ್ದಿರುತ್ತದೆ. ಕಂದು ಬಣ್ಣದ ತೆಳು ಪಟ್ಟಿಗಳ ಪಲ್ಯವನ್ನು ನಾನು ಮೂರು ದಿನ ಯಾವುದೋ ಹಿಟ್ಟಿನದು ಅಂದುಕೊಂಡು ತಿಂದೆ, ಅದು ಒಮುಕ್, ಮೀನು ಅರೆದು ಮಾಡಿದ್ದು. ಪಕ್ಕದ ಮೇಜಿನ ಸಹೋದ್ಯೋಗಿ ಹೇಳಿದ ಮೇಲೇ ಗೊತ್ತಾಗಿದ್ದು. ಬಿಬಿಂಬಾಪ್ (ತರಕಾರಿ ಹಾಕಿ ಕಲಸಿ ತಿನ್ನುವ ಅನ್ನ) ಕೇಳಿ, "ಗೊಗಿ ಪೆಗೊ ಜುಸೆಯೊ" ಅನ್ನಿ, ಮಾಂಸ ಬಿಟ್ಟು ಕೊಡಿ ಅಂತ. ಮೊಟ್ಟೆಯೂ ಬೇಡದಿದ್ದರೆ ಅದನ್ನೂ ಹೇಳಿ. ಎಳ್ಳೆಣ್ಣೆ ಹಾಕಿದ ಸೊಪ್ಪು, ಮೊಳಕೆಕಾಳು, ಬಿಸಿ ಅನ್ನ, ಗೊಚುಜಾಂಗ್ ಅನ್ನುವ ಖಾರದ ಮೆಣಸಿನ ಪೇಸ್ಟ್, ಎಲ್ಲಾ ಚೆನ್ನಾಗಿ ಕಲಸಿ.

ಬಡಿಸುವ ಹೆಂಗಸರನ್ನು ಅಲ್ಲಿ "ಇಮೊ" ಅಂತ ಕರೆಯುವುದುಂಟು. ಅಮ್ಮನ ಅಕ್ಕತಂಗಿಯರಿಗೆ ಹೇಳುವ ಮಾತದು, ನಮ್ಮ ದೊಡ್ಡಮ್ಮ, ಚಿಕ್ಕಮ್ಮ ಇದ್ದ ಹಾಗೆ. ಟಿಪ್ಸ್ ಇಡುವುದು ಬೇಡ. ಕೌಂಟರಿನಲ್ಲಿ ದುಡ್ಡು ಕೊಟ್ಟು "ಜಲ್ ಮೊಗೊಸ್ಸುಮ್ನಿದಾ" ಅನ್ನಿ, ಚೆನ್ನಾಗಿ ಉಂಡೆ ಅಂತ. ನಾನು ದಿನಾ ಹೋಗುವ ಕಡೆ ಇಮೊ ಈಗ ನಾನು ಕೇಳುವ ಮೊದಲೇ ಒಮುಕ್ ಬಟ್ಟಲು ತೆಗೆದು, ಮೊಳಕೆಕಾಳು ಎರಡು ಬಟ್ಟಲು ಇಡುತ್ತಾರೆ.