ಅಮೆರಿಕದ ಸಬರ್ಬಿನಲ್ಲಿ ಕಡಿಮೆ ಬಾಡಿಗೆ ಮನೆ: ನಾನು ಹುಡುಕಿದ ಬಗೆ

ಲೀಸಿಂಗ್ ಆಫೀಸಿಗೆ ಫೋನ್ ಮಾಡಿದಾಗಲೆಲ್ಲ ನನ್ನ ಮೊದಲ ಪ್ರಶ್ನೆ ಒಂದೇ: ಬಾಡಿಗೆ ನನ್ನ ಆದಾಯ ನೋಡಿ ನಿರ್ಧಾರವಾಗುತ್ತದೆಯೋ, ಮೊದಲೇ ನಿಗದಿಯಾಗಿದೆಯೋ?

ಸಬರ್ಬುಗಳಲ್ಲಿ ‘ಅಫೋರ್ಡಬಲ್’ ಎಂಬ ಬೋರ್ಡು ಹೊತ್ತ ಕಟ್ಟಡಗಳಲ್ಲಿ ಬಹಳಷ್ಟು 1986ರ ತೆರಿಗೆ ಕಾಯ್ದೆಯಿಂದ ಬಂದ ಟ್ಯಾಕ್ಸ್ ಕ್ರೆಡಿಟ್ ಕಟ್ಟಡಗಳು, ಅಂದರೆ ಕಡಿಮೆ ಬಾಡಿಗೆಗೆ ಮನೆ ಕೊಡುವುದಕ್ಕಾಗಿ ತೆರಿಗೆ ವಿನಾಯಿತಿ ಪಡೆದು ಕಟ್ಟಿದವು. ಅಲ್ಲಿ ಬಾಡಿಗೆಗೆ ಮಿತಿಯಿದೆ, ಆದರೆ ಅದು ನಿಮ್ಮ ಆದಾಯದ್ದಲ್ಲ, ಪ್ರದೇಶದ ಮಧ್ಯಮ (ಮೀಡಿಯನ್) ಆದಾಯದ ಲೆಕ್ಕ. ಮೂವರ ಕುಟುಂಬಕ್ಕೆ ಆ ಮಧ್ಯಮ ಆದಾಯದ ಶೇ. 60ರ ಮಿತಿ ವರ್ಷಕ್ಕೆ 54,000 ಡಾಲರ್ ಎಂದಿಟ್ಟುಕೊಳ್ಳಿ. ತಿಂಗಳಿಗೆ 4,500, ಅದರ ಶೇ. 30 ಅಂದರೆ 1,350. ಎರಡು ಬೆಡ್‌ರೂಮಿನ ಮನೆಗೆ ಇದೇ ಗರಿಷ್ಠ, ಕರೆಂಟು-ಗ್ಯಾಸಿನ ಅಂದಾಜು ಖರ್ಚೂ ಇದರಲ್ಲೇ ಸೇರಬೇಕು. ನಿಮ್ಮ ಸಂಬಳ ತಿಂಗಳಿಗೆ 2,400 ಇದ್ದರೂ ಬಾಡಿಗೆ ಇಳಿಯುವುದಿಲ್ಲ. ಸಬರ್ಬನ್ನು ಪಕ್ಕದ ದೊಡ್ಡ ನಗರದ ಜತೆ ಸೇರಿಸಿ ಲೆಕ್ಕ ಹಾಕಿರುವ ಕಡೆ ಈ ಮಿತಿಯೇ ಮೇಲಿರುತ್ತದೆ. ಹಾಗಾಗಿ ಅದೇ ಕಟ್ಟಡದಲ್ಲಿ ಶೇ. 60ರ ಬದಲು ಶೇ. 30 ಅಥವಾ 50ರ ಆದಾಯ ಮಿತಿಯ ಮನೆಗಳಿವೆಯೇ ಎಂದು ಬಿಡದೆ ಕೇಳಿ.

ಸೆಕ್ಷನ್ 8 ವೋಚರ್ (ಬಾಡಿಗೆಯ ಒಂದು ಪಾಲನ್ನು ಸರ್ಕಾರ ಕಟ್ಟುವ ನೆರವು) ಇದ್ದರೆ ನೀವು ಕಟ್ಟುವುದು ನಿಮ್ಮ ಆದಾಯದ ಸುಮಾರು ಶೇ. 30. ಅದರ ವೇಟಿಂಗ್ ಲಿಸ್ಟ್ ಎಷ್ಟೋ ಕಡೆ ವರ್ಷಗಟ್ಟಲೆ ಮುಚ್ಚಿದ್ದು, ಕೆಲವೇ ದಿನ ತೆರೆಯುತ್ತದೆ. ಅಕ್ಕಪಕ್ಕದ ಕೌಂಟಿಗಳ ಹೌಸಿಂಗ್ ಅಥಾರಿಟಿಗಳಿಗೂ (ವೋಚರ್ ಕೊಡುವ ಸರ್ಕಾರಿ ಕಚೇರಿಗಳು) ಅರ್ಜಿ ಹಾಕಬಹುದು, ಒಂದನ್ನೇ ನಂಬಿ ಕೂರಬೇಡಿ. ಈ ಅರ್ಜಿಗೆ ದುಡ್ಡು ಕೇಳುವವರು ಮೋಸಗಾರರು.

ಅರ್ಜಿ ಬಿದ್ದುಹೋಗುವುದು ಹೆಚ್ಚಾಗಿ ಎರಡು ಕಾರಣಕ್ಕೆ. ಒಂದು, ಆದಾಯದ ಲೆಕ್ಕ. ಎರಡು ವಾರಕ್ಕೊಮ್ಮೆ ಸಂಬಳ ಬರುವವರು 26ರಿಂದ ಗುಣಿಸಬೇಕು, 24ರಿಂದಲ್ಲ. 1,650ರ ಪೇ ಸ್ಟಬ್‌ಗೆ (ಸಂಬಳದ ಚೀಟಿ) ವರ್ಷಕ್ಕೆ ಅಷ್ಟರಲ್ಲೇ 3,300 ಡಾಲರ್ ವ್ಯತ್ಯಾಸ. ಲೆಕ್ಕಕ್ಕೆ ಬರುವುದು ತೆರಿಗೆ ಕಳೆಯುವ ಮುಂಚಿನ ಮೊತ್ತ, ಓವರ್‌ಟೈಮೂ ಸೇರಿ. ಇನ್ನೊಂದು, ವಿಳಾಸ. ‘ಇನ್ನೂ ಮನೆ ಬೇಕೇ?’ ಎಂದು ಕೇಳುವ ಕಾಗದ ಹಳೆಯ ಮನೆಗೆ ಹೋಗಿ, ಉತ್ತರ ಸಿಗದಿದ್ದರೆ ಹೆಸರು ತೆಗೆದುಬಿಡುತ್ತಾರೆ. ವರ್ಷಗಳ ಕಾಯುವಿಕೆ ಅಲ್ಲಿಗೇ ಮುಗಿಯಿತು. ಮನೆ ಬದಲಿಸಿದ ವಾರವೇ ಪ್ರತಿ ಲಿಸ್ಟಿಗೂ ಬರೆದು ತಿಳಿಸಿ, ತಲುಪಿದ್ದಕ್ಕೆ ಪುರಾವೆ ಇಟ್ಟುಕೊಳ್ಳಿ.

ವೋಚರ್ ಕೈಗೆ ಬಂದ ಮೇಲೆ ಮನೆ ಹುಡುಕಲು ಕನಿಷ್ಠ 60 ದಿನ ಕೊಡುತ್ತಾರೆ. ಆಗ ನೇರ ಟ್ಯಾಕ್ಸ್ ಕ್ರೆಡಿಟ್ ಕಟ್ಟಡಗಳಿಗೇ ಹೋಗಿ; ವೋಚರ್ ಇದೆ ಎಂಬ ಕಾರಣಕ್ಕೆ ಅವರು ನಿಮ್ಮನ್ನು ತಿರಸ್ಕರಿಸುವಂತಿಲ್ಲ. ಬಾಡಿಗೆಯ ಎರಡೂವರೆ ಪಟ್ಟು ಆದಾಯ ಬೇಕು ಅಂದರೆ, ಆ ಲೆಕ್ಕ ಪೂರ್ತಿ ಬಾಡಿಗೆಗೋ, ನಿಮ್ಮ ಪಾಲಿಗೆ ಮಾತ್ರವೋ ಎಂದು ಬರಹದಲ್ಲೇ ಕೇಳಿ.