ಬಡ್ತಿ ಬೇರೆ ಊರಿನ ಸ್ಟೋರ್‌ನಲ್ಲಿ ಸಿಕ್ಕಿದೆ: ಹೂಂ ಅನ್ನುವ ಮುಂಚೆ ನೋಡಬೇಕಾದದ್ದು

"ಅಲ್ಲಿ ಅಸಿಸ್ಟೆಂಟ್ ಮ್ಯಾನೇಜರ್ ಪೋಸ್ಟ್ ಖಾಲಿ ಇದೆ, ಸೋಮವಾರದೊಳಗೆ ಹೇಳಿಬಿಡಿ" ಅಂತ ಏರಿಯಾ ಮ್ಯಾನೇಜರ್ ಫೋನ್ ಬಂದಾಗ ಹೆಚ್ಚಿನವರು ಮೊದಲು ಕೇಳುವುದು ಸಂಬಳ ಎಷ್ಟು ಅಂತ. ಅದಕ್ಕೂ ಮೊದಲು ಕೇಳಬೇಕಾದದ್ದು, ಆ ಪೋಸ್ಟ್ ಯಾಕೆ ಖಾಲಿ ಆಯಿತು ಅಂತ. ಅಲ್ಲಿದ್ದವರು ಬಡ್ತಿ ಪಡೆದು ಹೋಗಿದ್ದರೆ ಅದು ಕಲಿಸುವ ಸ್ಟೋರ್. ಎರಡು ವರ್ಷದಲ್ಲಿ ಮೂವರು ಬಿಟ್ಟು ಹೋಗಿದ್ದರೆ ನಿಮ್ಮನ್ನು ಕರೆಯುತ್ತಿರುವುದು ಕುರ್ಚಿಗಲ್ಲ, ಕಿತ್ತುಹೋದ ಲೆಕ್ಕ ಸರಿಮಾಡುವುದಕ್ಕೆ. ಇದನ್ನು ಏರಿಯಾ ಮ್ಯಾನೇಜರ್ ಬಾಯಿಂದ ಕೇಳಿದರೆ ಸಾಲದು. ಆ ಸ್ಟೋರ್‌ನ ಕ್ಯಾಷಿಯರ್ ಒಬ್ಬರನ್ನೋ ಸೆಕ್ಯೂರಿಟಿಯವರನ್ನೋ ಕೇಳಿ, ನಿಜ ಅಲ್ಲಿ ಸಿಗುತ್ತದೆ.

ಗಿರಾಕಿಯಾಗಿ ಎರಡು ಸಲ ಹೋಗಿ ಬನ್ನಿ

ಯಾರಿಗೂ ಹೇಳದೆ ಒಂದು ಶನಿವಾರ ಸಂಜೆ 6ರಿಂದ 8, ಇನ್ನೊಂದು ಮಂಗಳವಾರವೋ ಬುಧವಾರವೋ ಬೆಳಿಗ್ಗೆ 11ರ ಹೊತ್ತಿಗೆ ಹೋಗಿ. ಶನಿವಾರ ಬಿಲ್ಲಿಂಗ್ ಕೌಂಟರ್ ಎಣಿಸಿ. ಎಂಟು ಕೌಂಟರ್ ಇದ್ದು ನಾಲ್ಕು ಮಾತ್ರ ತೆರೆದಿದ್ದು, ಕ್ಯೂ ಬಿಸ್ಕತ್ ರ‍್ಯಾಕ್‌ವರೆಗೂ ಬೆಳೆದಿದ್ದರೆ ಅಲ್ಲಿ ಜನ ಸಾಲದು. ನೀವು ಹೋದ ಮೇಲೂ ಸಂಜೆ ಹೊತ್ತು ಕ್ಯಾಷ್ ಕೌಂಟರ್‌ನಲ್ಲೇ ನಿಂತಿರುತ್ತೀರಿ, ಮ್ಯಾನೇಜರ್ ಕೆಲಸ ರಾತ್ರಿ ಹತ್ತರ ಮೇಲೆ ಶುರುವಾಗುತ್ತದೆ.

ಮಂಗಳವಾರ ಚಿಲ್ಲರ್ ಮುಂದೆ ನಿಲ್ಲಿ. ಮೊಸರಿನ ಹತ್ತು ಪ್ಯಾಕೆಟ್ ತಿರುಗಿಸಿ ತಾರೀಕು ನೋಡಿ. ಹಳೆಯದು ಹಿಂದೆ, ಹೊಸದು ಮುಂದೆ ಇದ್ದರೆ ಮಾಲು ತುಂಬುವವರಿಗೆ ಯಾರೂ ಹೇಳಿಕೊಟ್ಟಿಲ್ಲ. ಅವಧಿ ಮುಗಿದದ್ದೇ ಶೆಲ್ಫ್‌ನಲ್ಲಿದ್ದರೆ ಹೇಳಿಕೊಡಬೇಕಾದವರೇ ಅಲ್ಲಿಲ್ಲ. ಆಮೇಲೆ ಐದು ವಸ್ತು ಕೊಂಡು, ಶೆಲ್ಫ್ ಮೇಲಿನ ದರ ಚೀಟಿಯನ್ನೂ ಬಿಲ್ಲಿನ ದರವನ್ನೂ ಹೋಲಿಸಿ. ಐದರಲ್ಲಿ ಎರಡು ತಪ್ಪಿದ್ದರೆ ದಿನಾ ಗಿರಾಕಿಗಳ ಜಗಳ ಬಿಡಿಸುವುದೇ ನಿಮ್ಮ ಕೆಲಸ.

ಊರು ಬದಲಾದರೆ ಮಾಲೂ ಬದಲಾಗುತ್ತದೆ. ಮೈಸೂರಿನಲ್ಲಿ ಸೋನಾ ಮಸೂರಿ ಇಂಡೆಂಟ್ (ಬೇಕಾದ ಮಾಲಿನ ಬೇಡಿಕೆ) ಹಾಕಿ ಪಳಗಿದವರಿಗೆ ಮಂಗಳೂರಿನಲ್ಲಿ ಕುಚ್ಚಲಕ್ಕಿ, ಹುಬ್ಬಳ್ಳಿಯಲ್ಲಿ ಜೋಳ ಎಷ್ಟು ಹೋಗುತ್ತದೆ ಅನ್ನುವ ಅಂದಾಜು ಬರಲು ಮೂರು ತಿಂಗಳಾದರೂ ಬೇಕು. ಗಿರಾಕಿ ತುಳುವಿನಲ್ಲೋ ಮರಾಠಿಯಲ್ಲೋ ಕೇಳಿದಾಗ ಉತ್ತರಿಸಬಲ್ಲ ಹುಡುಗರು ಫ್ಲೋರ್‌ನಲ್ಲಿದ್ದಾರೆಯೇ ಅಂತಲೂ ನೋಡಿ.

ಶ್ರಿಂಕೇಜ್ ಕೇಳದೆ ಒಪ್ಪಬೇಡಿ

ಇಲ್ಲಿ ಸ್ವಲ್ಪ ನಿಂತು ಯೋಚಿಸಿ, ಒಳ್ಳೊಳ್ಳೆಯ ಕೆಲಸಗಾರರು ಬೀಳುವುದು ಇಲ್ಲೇ. ಕಂಪ್ಯೂಟರ್‌ನಲ್ಲಿರುವ ಸ್ಟಾಕ್‌ಗೂ ಕೈಯಲ್ಲಿ ಎಣಿಸಿದ ಸ್ಟಾಕ್‌ಗೂ ಇರುವ ವ್ಯತ್ಯಾಸವೇ ಶ್ರಿಂಕೇಜ್. ಉದಾಹರಣೆಗೆ ತಿಂಗಳಿಗೆ 80 ಲಕ್ಷ ಮಾರಾಟದ ಸ್ಟೋರ್, ಮೂರು ತಿಂಗಳಿಗೊಮ್ಮೆ ಸ್ಟಾಕ್ ಎಣಿಕೆ ಅಂತಿಟ್ಟುಕೊಳ್ಳಿ. ಮಾರಾಟ 2.40 ಕೋಟಿ. ಕಂಪನಿ ಬಿಟ್ಟಿರುವ ಮಿತಿ ಶೇ. 0.4 ಆದರೆ 96,000 ರೂಪಾಯಿ. ಎಣಿಕೆಯಲ್ಲಿ ಶೇ. 1.2 ಬಂದರೆ 2.88 ಲಕ್ಷ. ಮಿತಿ ಮೀರಿದ 1.92 ಲಕ್ಷಕ್ಕೆ ವಿವರಣೆ ಕೊಡಬೇಕಾದವರು ಆ ದಿನ ಹುದ್ದೆಯಲ್ಲಿರುವವರು. ನೀವು ಸೇರಿ ಇಪ್ಪತ್ತೇ ದಿನ ಆಗಿದ್ದರೂ ಅಷ್ಟೇ.

ಸೋರಿಕೆಗೆ ಕಳ್ಳತನ ಒಂದೇ ಕಾರಣವಲ್ಲ. ಲಾರಿಯಿಂದ ಇಳಿದ ಮಾಲನ್ನು ಎಣಿಸದೆ ರಿಸೀವಿಂಗ್‌ನಲ್ಲಿ ಸಹಿ ಹಾಕುವುದು, ಒಡೆದ ಎಣ್ಣೆ ಪ್ಯಾಕೆಟನ್ನು ಡ್ಯಾಮೇಜ್‌ಗೆ ಬರೆಯದೆ ಎಸೆಯುವುದು, ತೂಕದ ಕೌಂಟರ್‌ನಲ್ಲಿ ಬಾಸ್ಮತಿಗೆ ಸೋನಾ ಮಸೂರಿ ಕೋಡ್ ಒತ್ತುವುದು, ಆರು ಬಣ್ಣದ ಸೋಪಿಗೆ ಒಂದೇ ಬಾರ್‌ಕೋಡ್ ಆರು ಸಲ ಹೊಡೆಯುವುದು, ಇವೆಲ್ಲ ಸೇರಿ ಲಕ್ಷ ಮುಟ್ಟುತ್ತದೆ.

ಹಾಗಾಗಿ ಕಳೆದ ಎರಡು ಎಣಿಕೆಯ ಶ್ರಿಂಕೇಜ್ ಎಷ್ಟು, ಆರು ತಿಂಗಳ ಟಾರ್ಗೆಟ್ ಎಷ್ಟು, ಆದದ್ದೆಷ್ಟು, ಮಂಜೂರಾದ ಸಿಬ್ಬಂದಿ ಎಷ್ಟು, ರೋಲ್‌ನಲ್ಲಿರುವವರು ಎಷ್ಟು ಅಂತ ಕೇಳಿ. 42 ಮಂಜೂರಾಗಿ 31 ಜನ ಇದ್ದರೆ ನಿಮಗೆ ವೀಕ್ ಆಫ್ ಸಿಗುವುದು ಅನುಮಾನ. ಅಂಕಿ ಕೊಡಲು ಹಿಂದೇಟು ಹಾಕಿದರೆ ಅದನ್ನೇ ಉತ್ತರ ಅಂತ ತಿಳಿಯಿರಿ.

ಹೋಗುವುದೇ ಅಂತಾದರೆ ಚಾರ್ಜ್ ತೆಗೆದುಕೊಳ್ಳುವ ದಿನವೇ ಪೂರ್ತಿ ಎಣಿಕೆ ಆಗಬೇಕು ಅಂತ ಷರತ್ತು ಹಾಕಿ. ಅದು ಆಗದು ಅಂದರೆ ಬೆಲೆ ಬಾಳುವ, ಕಿಸೆಗೆ ಹೋಗುವ ಮಾಲನ್ನಾದರೂ ಎಣಿಸಿ: ತುಪ್ಪ, ಗೋಡಂಬಿ, ಬಾದಾಮಿ, ಮಗುವಿನ ಹಾಲಿನ ಪುಡಿ, ಚಾಕೊಲೇಟ್, ಶೇವಿಂಗ್ ಕಾರ್ಟ್ರಿಜ್, ಕಾಸ್ಮೆಟಿಕ್ಸ್. ಜೊತೆಗೆ ಸೇಫ್‌ನ ನಗದು, ಪೆಟ್ಟಿ ಕ್ಯಾಷ್ ವೋಚರ್, ಸ್ಕ್ಯಾನರ್‌ಗಳು, ಬೀಗದ ಕೈಗಳು. ಪಟ್ಟಿಗೆ ಕೊಡುವವರೂ ತೆಗೆದುಕೊಳ್ಳುವವರೂ ಸಹಿ ಹಾಕಿ, ಅವತ್ತೇ ಏರಿಯಾ ಮ್ಯಾನೇಜರ್‌ಗೆ ಇಮೇಲ್ ಮಾಡಿ. ವಾಟ್ಸಾಪ್ ಮೆಸೇಜ್ ನಂಬಿ ಕೂರಬೇಡಿ.

ಕೈಗೆ ಬರುವ ಲೆಕ್ಕ

ಅವರು ಹೇಳಿದ ಮೊತ್ತ ಗ್ರಾಸೋ (ಕಡಿತಕ್ಕೆ ಮುಂಚಿನ ಸಂಬಳ) ಸಿಟಿಸಿಯೋ (ನಿಮಗಾಗಿ ಕಂಪನಿ ಮಾಡುವ ಒಟ್ಟು ಖರ್ಚು) ಅಂತ ಮೊದಲು ಬಿಡಿಸಿಕೊಳ್ಳಿ. ಸಿಟಿಸಿಯಲ್ಲಿ ಕಂಪನಿ ಕಟ್ಟುವ ಪಿಎಫ್, ಕೆಲವೊಮ್ಮೆ ಗ್ರಾಚ್ಯುಟಿ (ಕೆಲಸ ಬಿಡುವಾಗ ಸೇವೆಯ ವರ್ಷಗಳಿಗೆ ಸಿಗುವ ಮೊತ್ತ), ಟಾರ್ಗೆಟ್ ಆದರೆ ಮಾತ್ರ ಬರುವ ಇನ್ಸೆಂಟಿವ್ ಎಲ್ಲ ಸೇರಿರುತ್ತದೆ.

ಮೈಸೂರಿನಲ್ಲಿ ಮನೆಯಿಂದ ಓಡಾಡುವ ಟೀಮ್ ಲೀಡರ್ ಒಬ್ಬರ ಗ್ರಾಸ್ 19,500, ಅದರಲ್ಲಿ ಬೇಸಿಕ್ ಅರ್ಧ ಅಂತಿಟ್ಟುಕೊಳ್ಳೋಣ. ಪಿಎಫ್ ಬೇಸಿಕ್‌ನ ಶೇ. 12ರಂತೆ 1,170, ಇಎಸ್‌ಐ (ನೌಕರರ ಸರ್ಕಾರಿ ಆರೋಗ್ಯ ವಿಮೆ) ಗ್ರಾಸ್‌ನ ಶೇ. 0.75ರಂತೆ 147 ಕಳೆದು ಕೈಗೆ 18,183. ಬೆಂಗಳೂರಿನಲ್ಲಿ ಹೊಸ ಗ್ರಾಸ್ 26,500 ಆದರೆ ಪಿಎಫ್ 1,590, ಇಎಸ್‌ಐ ಕಡಿತ ಇಲ್ಲ ಅಂತಿಟ್ಟುಕೊಳ್ಳಿ (ಯಾಕೆ ಅಂತ ಮುಂದೆ ಇದೆ). 25,000 ದಾಟಿದ್ದರಿಂದ ವೃತ್ತಿ ತೆರಿಗೆ 200 (ಫೆಬ್ರವರಿಯಲ್ಲಿ 300). ಕೈಗೆ 24,710. ಹೆಚ್ಚಾದದ್ದು ಏಳು ಸಾವಿರ ಅಲ್ಲ, 6,527. ಹಂಚಿಕೊಂಡಿರುವ ಪಿಜಿ ಕೋಣೆಗೆ ಊಟ ಸೇರಿ 7,000, ತಿಂಗಳಿಗೆ ಎರಡು ಸಲ ಊರಿಗೆ ಬರಲು 800 ಕಳೆಯಿರಿ. ಮೈಸೂರಿನಲ್ಲಿ ಸುಡುತ್ತಿದ್ದ ಪೆಟ್ರೋಲ್ 1,200 ಉಳಿಯಿತು ಅನ್ನಿ. ನಿವ್ವಳ 73 ರೂಪಾಯಿ ಕಡಿಮೆ. ಸಂಸಾರ ಸಮೇತ ಹೋದರೆ ಬಾಡಿಗೆ, ಅಡ್ವಾನ್ಸ್, ಸಾಮಾನು ಸಾಗಣೆ, ಮಕ್ಕಳ ಹೊಸ ಶಾಲೆಯ ಫೀಸು ಬೇರೆ.

ಲೆಕ್ಕ ಸೊನ್ನೆಗೆ ಬಂದರೂ ಹೋಗಬಹುದು, ಆ ಹುದ್ದೆಯಿಂದ ಸ್ಟೋರ್ ಮ್ಯಾನೇಜರ್ ಆದವರು ಕಂಪನಿಯಲ್ಲಿ ಕಣ್ಣಿಗೆ ಕಾಣುವಂತಿದ್ದರೆ. ತಿಂಗಳಿಗೆ ಎರಡು ಸಾವಿರ ಕೈಯಿಂದ ಹಾಕುವಂತಿದ್ದರೆ ಮನೆ ಬಾಡಿಗೆ ಭತ್ಯೆ ಕೇಳಿ. ಕೊಡದಿದ್ದರೆ ಬೇಡ ಅನ್ನಿ.

ಸಂಬಳ 21,000 ದಾಟಿದರೆ ಇಎಸ್‌ಐ ನಿಲ್ಲುತ್ತದೆ. ಅಪ್ಪ ಅಮ್ಮನ ಚಿಕಿತ್ಸೆ ಇಎಸ್‌ಐ ಆಸ್ಪತ್ರೆಯಲ್ಲಿ ನಡೆಯುತ್ತಿದ್ದರೆ ಇದು ಸಣ್ಣ ಮಾತಲ್ಲ. ನಿಯಮದಲ್ಲಿ ಎರಡು ಅವಧಿಗಳಿವೆ, ಏಪ್ರಿಲ್–ಸೆಪ್ಟೆಂಬರ್ ಮತ್ತು ಅಕ್ಟೋಬರ್–ಮಾರ್ಚ್. ಅವಧಿಯ ನಡುವೆ ಸಂಬಳ ಏರಿದರೆ ಆ ಅವಧಿ ಮುಗಿಯುವವರೆಗೆ ಕಡಿತವೂ ಸೌಲಭ್ಯವೂ ಮುಂದುವರಿಯುತ್ತವೆ. ಮೇ ತಿಂಗಳಲ್ಲಿ ಬಡ್ತಿಯಾದರೆ ಸೆಪ್ಟೆಂಬರ್ 30ರವರೆಗೆ ಕಡಿತ ಇರುತ್ತದೆ. ಅಷ್ಟರೊಳಗೆ ಕಂಪನಿಯ ಗ್ರೂಪ್ ಇನ್ಶೂರೆನ್ಸ್‌ನಲ್ಲಿ ತಂದೆ ತಾಯಿ ಸೇರುತ್ತಾರೆಯೇ ಅಂತ ಎಚ್‌ಆರ್ ಹತ್ತಿರ ಕೇಳಿಕೊಳ್ಳಿ. ಬಹಳ ಪಾಲಿಸಿಗಳಲ್ಲಿ ಗಂಡ, ಹೆಂಡತಿ, ಮಕ್ಕಳಷ್ಟೇ ಇರುತ್ತಾರೆ.

ಹೊತ್ತು, ಬಸ್ಸು, ಬೀಗದ ಕೈ

ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ; ಮೀರಿದರೆ ದುಪ್ಪಟ್ಟು ಕೂಲಿ. ಆದರೆ ಆಡಳಿತದ ಹುದ್ದೆಯಲ್ಲಿರುವವರಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಟೀಮ್ ಲೀಡರ್ ಆಗಿ ಓವರ್‌ಟೈಮ್ ಪಡೆಯುತ್ತಿದ್ದವರು ಮ್ಯಾನೇಜರ್ ಅನ್ನಿಸಿಕೊಂಡ ತಿಂಗಳಿಂದಲೇ ಅದನ್ನು ಕಳೆದುಕೊಳ್ಳಬಹುದು. ಕಳೆದ ಆರು ತಿಂಗಳ ಓವರ್‌ಟೈಮ್ ಎಷ್ಟು ಬಂದಿತ್ತು ನೋಡಿ, ಮೇಲಿನ ಲೆಕ್ಕದಲ್ಲಿ ಅದನ್ನೂ ಕಳೆಯಿರಿ.

ಸ್ಟೋರ್ ಮುಚ್ಚುವುದು ಒಂಬತ್ತೂವರೆಗೆ ಅಂದರೆ ನೀವು ಹೊರಬೀಳುವುದು ಹತ್ತೂಕಾಲರ ಮೇಲೆ. ಕ್ಯಾಷ್ ಟ್ಯಾಲಿ, ಡೇ ಎಂಡ್, ಹುಡುಗರ ಬ್ಯಾಗ್ ಚೆಕಿಂಗ್, ಶಟರ್, ಸೀಲ್ ಎಲ್ಲ ಮುಗಿಯಬೇಕು. ಆ ಹೊತ್ತಿನ ಕೊನೆಯ ಬಸ್ಸು ಯಾವುದು ಅಂತ ನಿಲ್ದಾಣದಲ್ಲೇ ನಿಂತು ವಿಚಾರಿಸಿ, ಮೊಬೈಲ್ ಆ್ಯಪ್ ನೋಡಿ ತೀರ್ಮಾನಿಸಬೇಡಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸರ್ಕಾರಿ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ, ಹಾಗಾಗಿ ದೂರದ ಸ್ಟೋರ್ ಖರ್ಚಿನ ಲೆಕ್ಕಕ್ಕೆ ಹೊಂದಬಹುದು. ರಾತ್ರಿ ಬಸ್ಸೇ ಇಲ್ಲದಿದ್ದರೆ ಆ ಉಳಿತಾಯ ಉಪಯೋಗಕ್ಕೆ ಬರುವುದಿಲ್ಲ. ಕ್ಲೋಸಿಂಗ್ ಪಾಳಿ ವಾರಕ್ಕೆಷ್ಟು, ಮನೆಗೆ ಬಿಡಲು ವಾಹನ ಇದೆಯೇ ಅಂತ ಕೇಳಿ ಬರೆಸಿಕೊಳ್ಳಿ.

ಸೇರುವ ತಿಂಗಳೂ ಮುಖ್ಯ. ವರಮಹಾಲಕ್ಷ್ಮಿಯಿಂದ ದೀಪಾವಳಿವರೆಗೆ ಉಸಿರಾಡಲು ಬಿಡುವಿರುವುದಿಲ್ಲ. ಆ ನಡುವೆ ಹೋದವರು ಸ್ಟೋರ್ ಕಲಿಯುವ ಮೊದಲೇ ಟಾರ್ಗೆಟ್ ತಪ್ಪಿಸಿಕೊಂಡಿರುತ್ತಾರೆ. ಮಕ್ಕಳಿದ್ದರೆ ಏಪ್ರಿಲ್–ಮೇ ರಜೆಯಲ್ಲಿ ಹೋಗುವುದು ಸರಿ: ಟಿಸಿ ಸಲೀಸು, ಆಗಸ್ಟ್ ಬರುವಷ್ಟರಲ್ಲಿ ನಿಮಗೆ ಸ್ಟೋರ್ ಕೈವಶ.

ಪತ್ರದಲ್ಲಿ ಏನಿರಬೇಕು

ಹುದ್ದೆ, ಗ್ರಾಸ್, ಸೇರುವ ದಿನ, ಪ್ರೊಬೇಷನ್ ಎಷ್ಟು ತಿಂಗಳು, ಪ್ರೊಬೇಷನ್‌ನಲ್ಲಿ ಸರಿಹೋಗದಿದ್ದರೆ ಹಳೆಯ ಹುದ್ದೆಗೆ ಹಳೆಯ ಊರಿಗೆ ವಾಪಸ್ ಕಳಿಸುತ್ತಾರೆಯೇ, ಇಷ್ಟು ಇರಲೇಬೇಕು. "ಮೂರು ತಿಂಗಳು ಆಕ್ಟಿಂಗ್ ಆಗಿ ನೋಡಿ, ಆಮೇಲೆ ಸಂಬಳ ಏರಿಸುತ್ತೇವೆ" ಅಂದರೆ ಏರಿಸುವ ತಾರೀಕು ಬರೆಸಿ. ತಾರೀಕಿಲ್ಲದ ಆಕ್ಟಿಂಗ್ ವರ್ಷಗಟ್ಟಲೆ ನಡೆದುಬಿಡುತ್ತದೆ.

ಪತ್ರದ ತಲೆಯಲ್ಲಿರುವ ಕಂಪನಿ ಹೆಸರನ್ನು ನಿಮ್ಮ ಹಳೆಯ ಪೇ ಸ್ಲಿಪ್ ಪಕ್ಕ ಇಟ್ಟು ಅಕ್ಷರ ಅಕ್ಷರ ಓದಿ. ಬೋರ್ಡ್ ಒಂದೇ ಆದರೂ ಹೊಸ ಸ್ಟೋರ್ ಫ್ರಾಂಚೈಸಿಯವರದ್ದೋ ಬೇರೆ ಸಂಸ್ಥೆಯದ್ದೋ ಆಗಿರಬಹುದು. ಆಗ ಅದು ವರ್ಗಾವಣೆ ಅಲ್ಲ, ರಾಜೀನಾಮೆ ಕೊಟ್ಟು ಹೊಸದಾಗಿ ಸೇರಿದಂತೆ. ಗ್ರಾಚ್ಯುಟಿಗೆ ಸಾಮಾನ್ಯವಾಗಿ ಬೇಕಾದ 5 ವರ್ಷದ ಸೇವೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ನಾಲ್ಕು ವರ್ಷ ಮುಗಿಸಿದವರಿಗೆ ಇದು ದೊಡ್ಡ ನಷ್ಟ. ಹಳೆಯ ಸೇವೆ ಮುಂದುವರಿಯುತ್ತದೆ ಅಂತ ಪತ್ರದಲ್ಲೇ ಬರೆಸಿಕೊಳ್ಳಿ. ಪಿಎಫ್ ಯುಎಎನ್ (ನಿಮ್ಮ ಪಿಎಫ್ ಖಾತೆಗಳ ಒಂದೇ ಗುರುತಿನ ನಂಬರ್) ಹಳೆಯದನ್ನೇ ಕೊಡಿ, ಹೊಸದು ಮಾಡಿಸಬೇಡಿ.

ಬೇಡ ಅನ್ನುವುದಾದರೆ ಸೋಮವಾರದ ತನಕ ಕಾಯಿಸದೆ ಕಾರಣ ಬರೆದು ಇಮೇಲ್ ಮಾಡಿ: "ಸದ್ಯ ಮನೆಯ ಕಾರಣಕ್ಕೆ ಊರು ಬಿಡಲಾಗುತ್ತಿಲ್ಲ, 40 ಕಿಲೋಮೀಟರ್ ಒಳಗಿನ ಯಾವುದೇ ಸ್ಟೋರ್‌ಗೆ, ಮುಂದಿನ ಮೇ ನಂತರ ಬೇರೆ ಊರಿಗೂ ಸಿದ್ಧ." ದೂರ ಮತ್ತು ತಿಂಗಳು ಹೀಗೆ ಹೇಳಿದ್ದರೆ ಮುಂದಿನ ಪಟ್ಟಿಯಲ್ಲಿ ಹೆಸರು ಉಳಿಯುವ ಸಾಧ್ಯತೆ ಹೆಚ್ಚು. ಬರೀ ಆಗಲ್ಲ ಅಂದವರನ್ನು ಮತ್ತೆ ಕೇಳುವುದು ಕಡಿಮೆ.